ಹನ್ನೆರಡು ದಿನ ಬರೆದ ಒಂದೇ ಸಾಲು

ಟಾಲರೇಟ್ ಎಂಬ ಇಂಗ್ಲಿಷ್ ಕ್ರಿಯಾಪದವನ್ನು ನಾನು ಕಲಿತದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ, ನರ್ಸಿಂಗ್ ತರಬೇತಿಯ ಮೊದಲ ತಿಂಗಳು. ಕನ್ನಡ ಶಾಲೆಯಲ್ಲಿ ಓದಿ ಬಂದ, ಸಾಂಬ್ರಾಣಿ ಎಂಬ ಹಳ್ಳಿಯ ಹುಡುಗಿಗೆ ವಾರ್ಡಿನ ಹಿರಿಯ ಸಿಸ್ಟರು ಅದನ್ನು ನಿಂತ ನಿಲುವಿನಲ್ಲೇ ಹೇಳಿಕೊಟ್ಟರು. "ಸಹಿಸೂದು ಅಂತ ಅರ್ಥ. ಡ್ರೆಸಿಂಗ್ ಮಾಡುವಾಗ ಪೇಷಂಟ್ ಚೀರಲಿಲ್ಲ, ಕೈ ತಳ್ಳಲಿಲ್ಲ ಅಂದ್ರ 'ಟಾಲರೇಟೆಡ್ ವೆಲ್' ಅಂತ ಬರಿ, ಮುಂದಿನ ಕಾಟಿಗೆ ಹೋಗು." ಬರೆದೆ, ಹೋದೆ. ಮೂವತ್ತೆಂಟು ವರ್ಷ ಹಾಗೆಯೇ ಬರೆದೆ, ಹಾಗೆಯೇ ಮುಂದಿನ ಕಾಟಿಗೆ ಹೋದೆ.

ತರಬೇತಿಯ ಹಾಸ್ಟೆಲ್ಲಿನ ಶಿಸ್ತು ಮೈಗೆ ಹತ್ತಿಬಿಟ್ಟಿತ್ತು. ಐದಕ್ಕೆ ಏಳಬೇಕು, ತಣ್ಣೀರು ಮೈಮೇಲೆ ಹಾಕಿಕೊಳ್ಳಬೇಕು, ಚಾದರದ ನಾಲ್ಕೂ ಮೂಲೆ ಒಂದೇ ತೆರನಾಗಿ ಮಡಚಬೇಕು. ನಿವೃತ್ತಳಾಗಿ ಹಳಿಯಾಳದಲ್ಲಿ ಮನೆ ಮಾಡಿದ ಮೇಲೂ ಇದು ತಪ್ಪಿಲ್ಲ. ಹೋದ ವರ್ಷ ಅಕ್ಕ ಕಾಲಿಗೆ ಗಾಯ ಮಾಡಿಕೊಂಡು ಬಂದಾಗ ಅವಳನ್ನೂ ನನ್ನ ವೇಳಾಪಟ್ಟಿಗೆ ಸೇರಿಸಿಕೊಂಡೆ.

ಅಕ್ಕನನ್ನು ಕೊಟ್ಟದ್ದು ಮುಂಡಗೋಡ ತಾಲೂಕಿನ ಸನವಳ್ಳಿಗೆ. ಗೋವಿನಜೋಳ ಕೊಯ್ದ ಹೊಲದಲ್ಲಿ ಬರಿಗಾಲಲ್ಲಿ ನಡೆಯುವಾಗ ಉಳಿದ ದಂಟಿನ ಮೊನೆ ಅಂಗಾಲಿಗೆ ಹೊಕ್ಕಿತ್ತು. ಅದರ ಮೇಲೆ ಸಕ್ಕರೆ ಕಾಯಿಲೆ. ನಾನೇ ದಾಂಡೇಲಿಯ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಗಾಯ ತೊಳೆದು ಔಷಧಿ ಬರೆದುಕೊಟ್ಟರು. "ಮನಿಯಾಗ ನೀವು ಇದ್ದೀರಲ್ರೀ ಸಿಸ್ಟರ್, ನನಗ ಚಿಂತಿ ಇಲ್ಲ. ದಿನಾ ಡ್ರೆಸಿಂಗ್ ಮಾಡ್ರಿ. ಬ್ಯಾನಿ ಹೆಚ್ಚಾತು ಅಂದ್ರ ಮಾತ್ರ ತಡಾ ಮಾಡಬ್ಯಾಡ್ರಿ, ಕರಕೊಂಡು ಬರ್ರಿ" ಅಂದರು. ಬ್ಯಾನಿ ಅಂದರೆ ನಮ್ಮ ಕಡೆ ನೋವು.

ದಿನಾ ಬೆಳಿಗ್ಗೆ ಒಂಬತ್ತಕ್ಕೆ ಡ್ರೆಸಿಂಗ್. ನೋಟ್‌ಬುಕ್ಕಿಗೆ ಗೆರೆ ಹೊಡೆದು ಅಕ್ಕನ ಹೆಸರು ಬರೆದೆ. ತಾರೀಖು, ಜ್ವರ, ಗಾಯದ ಸ್ಥಿತಿ, ಕೊನೆಗೆ ಷರಾ. ಮೊದಲ ದಿನ ಅಕ್ಕ ಕಮಕ್ ಕಿಮಕ್ ಅನ್ನಲಿಲ್ಲ. ಷರಾದಲ್ಲಿ ನನ್ನ ಹಳೆಯ ಸಾಲು ಬರೆದೆ.

"ಏನ ಬರದಿ?" ಅಂದಳು.

"ಛಲೋ ತಡಕೊಂಡ್ಲು ಅಂತ."

"ಇಂಗ್ಲಿಷ್‌ನ್ಯಾಗ?"

"ಹೂಂ."

ಅಕ್ಕ ನೋಟ್‌ಬುಕ್ ಇಸಿದುಕೊಂಡು ಆ ಸಾಲಿನ ಮೇಲೆ ಬೆರಳಾಡಿಸಿದಳು. "ನನ್ನ ಹೆಸರಿಗೆ ಇಲ್ಲೀತನಾ ಯಾರೂ ಇಂಗ್ಲಿಷ್ ಬರದಿದ್ದಿಲ್ಲ ನೋಡು. ಹಂಗಾದ್ರ ನಾ ಪಾಸು!"

ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ದನ, ನೀರು, ರೊಟ್ಟಿ ಎಲ್ಲ ಅವಳೇ ನೋಡಿಕೊಂಡದ್ದರಿಂದ ನಾನು ಹತ್ತಿದೆ. ತರಬೇತಿಯ ರಜೆಗೆ ಊರಿಗೆ ಬಂದಾಗ ಅವಳ ಕೈಗೆ, ತಲೆಗೆ ಬ್ಯಾಂಡೇಜು ಸುತ್ತಿ ರೂಢಿ ಮಾಡಿಕೊಳ್ಳುತ್ತಿದ್ದೆ. "ಅಲಗ್ಯಾಡಬ್ಯಾಡ, ಬಾಯಿ ತಗೀಬ್ಯಾಡ" ಎಂದು ಹಿರಿಯಳಿಗೇ ಗದರುತ್ತಿದ್ದೆ. ನಾನು ಬಿಗಿಯಾಗಿ ಸುತ್ತಿ ಬೆರಳು ನೀಲಿಯಾದರೂ ಅವಳು ಅಲುಗಾಡುತ್ತಿರಲಿಲ್ಲ. ತಂಗಿ ಪಾಸಾಗಬೇಕಲ್ಲ.

"ಬ್ಯಾನಿ ಐತೇನ?" ಎಂದು ದಿನಾ ಕೇಳುತ್ತಿದ್ದೆ. ಆದರೆ ಕೇಳುವಾಗ ನನ್ನ ಕಣ್ಣು ಗಾಯದ ಮೇಲೆ, ಕೈ ಇಕ್ಕಳದ ಮೇಲೆ. "ಇಲ್ಲವಾ, ನೀ ಮಾಡು" ಎಂದು ಅಕ್ಕ ಮಾತಿಗೆ ಶುರುವಿಡುತ್ತಿದ್ದಳು. ಟಿಬೆಟನ್ ಕಾಲೊನಿಯ ಹೊಲಗಳಿಗೆ ಅವಳು ವರ್ಷಗಟ್ಟಲೆ ಕಳೆ ತೆಗೆಯಲು ಹೋದವಳು.

"ಅಲ್ಲೆ ಒಬ್ಬಾಕಿ ಟಿಬೆಟಿ ಮುದುಕಿ ಚಾ ಅಂತ ಕೊಟ್ಲು. ಬಾಯಾಗ ಇಟ್ಟರ ಉಪ್ಪು, ಮ್ಯಾಲ ಬೆಣ್ಣಿ! ಕೊಟ್ಟದ್ದು ಒಲ್ಲೆ ಅನ್ನೂದು ಹೆಂಗ? ರೊಟ್ಟಿ ಮುರದು ಸಾರಿನ್ಯಾಗ ಅದ್ದಿದಂಗ ಅದ್ದಿಕೊಂಡು ತಿಂದ್ನಿ. ಆಕಿ ಬಿದ್ದು ಬಿದ್ದು ನಕ್ಲು. ಮರುದಿನ ಆಕೀನ ನನ್ನ ಕಡೆ ರೊಟ್ಟಿ ಬೇಡಿದ್ಲು."

ಎಂಟನೆಯ ದಿನ ಒಂದೇ ಡ್ರೆಸಿಂಗಿನಲ್ಲಿ ಇಂಥ ಮೂರು ಕತೆ ಹೇಳಿದಳು. "ನಿನ್ನ ಬಾಯಿಗೂ ಒಂದು ಪಟ್ಟಿ ಸುತ್ತಬೇಕು" ಅಂದೆ. "ಸುತ್ತು. ಆದ್ರ ಅದನ್ನೂ ಬುಕ್ಕಿನ್ಯಾಗ ಬರಿ" ಅಂದಳು. ಗಾಯದ ಬಾಯಿ ಕೂಡುತ್ತಿತ್ತು. ಜ್ವರವಿರಲಿಲ್ಲ. ನನ್ನ ಕೈಗುಣದ ಬಗ್ಗೆ ನನಗೆ ಹೆಮ್ಮೆಯಾಗಿತ್ತು.

ಹನ್ನೆರಡನೆಯ ದಿನ ಮಧ್ಯಾಹ್ನ ಅವಳ ಸೀರೆ ಒಗೆಯುವಾಗ ಸೆರಗಿನ ಅಂಚಿನಲ್ಲಿ ಸಾಲಾಗಿ ತೂತುಗಳು ಕಂಡವು. ಇಲಿ ಬಂದಿರಬೇಕು ಎಂದುಕೊಂಡು ಕಪಾಟು ಖಾಲಿ ಮಾಡಿ ನೋಡಿದೆ. ನನ್ನ ಬಟ್ಟೆಗೆ ಏನೂ ಆಗಿರಲಿಲ್ಲ. ಅಕ್ಕ ತಂದಿದ್ದ ಮೂರೂ ಸೀರೆಗಳಿಗೆ ಅದೇ ಜಾಗದಲ್ಲಿ ತೂತು, ತೂತಿನ ಸುತ್ತ ಎಲೆ ಅಡಿಕೆಯ ಕೆಂಪು. ಡ್ರೆಸಿಂಗ್ ಮುಗಿಸಿ ನಾನು ತಟ್ಟೆ ತೊಳೆಯಲು ಹಿತ್ತಲಿಗೆ ಹೋದಾಗ ಅವಳು ನೋವು ತಡೆಯಲು ಸೆರಗು ಕಚ್ಚಿಕೊಳ್ಳುತ್ತಿದ್ದಳು ಎಂದು ಆಗ ಹೊಳೆಯಿತು.

ಒದ್ದೆ ಕೈಯಲ್ಲೇ ಒಳಗೆ ಬಂದು ಅವಳ ಅಂಗಾಲನ್ನು ಹೆಬ್ಬೆರಳಿನಿಂದ ಒತ್ತಿದೆ. ಅಕ್ಕನ ಕಣ್ಣು ತುಂಬಿ ಬಂತು. ಆದರೂ ಬಾಯಿ ಬಿಟ್ಟು ಹೇಳಿದ್ದು ಇಷ್ಟೇ: "ಆ ಟಿಬೆಟಿ ಮುದುಕಿ ಒಂದಿನ ಏನ ಮಾಡಿದ್ಲು ಗೊತ್ತೈತೇನ…"

ಆಗಲೇ ದಾಂಡೇಲಿಗೆ ಹೊರಟೆವು. ಮೇಲೆ ಗಾಯ ಕೂಡಿದಂತೆ ಕಂಡರೂ ಒಳಗೆ ಕೀವು ಎಲುಬಿನವರೆಗೆ ಇಳಿದಿತ್ತು. ಡಾಕ್ಟರು ನನ್ನ ನೋಟ್‌ಬುಕ್ ತಿರುವಿ ಹಾಕಿದರು.

"ಹನ್ನೆರಡು ದಿನಾನೂ ನೋವಿಲ್ಲ ಅಂತ ಬರದೀರಲ್ರೀ ಸಿಸ್ಟರ್."

"ನೋವಿಲ್ಲ ಅಂತ ಬರದಿಲ್ರೀ. ಟಾಲರೇಟೆಡ್ ಅಂತ ಬರದೇನಿ."

ಅವರು ತಲೆಯೆತ್ತಿ ನನ್ನನ್ನು ನೋಡಿದರು. "ಹಂಗಂದ್ರ ತಡಕೊಳ್ಳಾಕ ಏನೋ ಇತ್ತು ಅಂತಾತಲ್ರೀ."

ಸಿಟ್ಟಿನಿಂದ ಹೇಳಲಿಲ್ಲ. ನನ್ನ ಮಗನ ವಯಸ್ಸಿನವರು. ನನ್ನ ವಾರ್ಡಿಗೆ ಬರುತ್ತಿದ್ದ ಜೋಯಿಡಾ ಕಡೆಯ ಹೆಂಗಸರು ಹೆರಿಗೆ ಕಾಟಿನ ಕಬ್ಬಿಣದ ಸರಳು ಹಿಡಿದು ಹಲ್ಲು ಕಚ್ಚಿ ಮಲಗುತ್ತಿದ್ದುದು ನೆನಪಾಯಿತು. ಅವರ ಕಾಗದಗಳಲ್ಲೂ ಅದೇ ಸಾಲು, ನನ್ನದೇ ಅಕ್ಷರ. ಸಹಿಸಿದರು ಎಂದು ಬರೆದೆ. ಏನನ್ನು, ಎಷ್ಟನ್ನು ಎಂದು ಒಮ್ಮೆಯೂ ಕೇಳಿ ಬರೆಯಲಿಲ್ಲ.

ಅಕ್ಕನ ಪಾದದ ಮುಂದಿನ ಅರ್ಧ ತೆಗೆಯಬೇಕಾಯಿತು.

ಈಗ ಅವಳು ಮತ್ತೆ ನನ್ನ ಮನೆಯಲ್ಲೇ ಇದ್ದಾಳೆ. ಒಂಬತ್ತಕ್ಕೆ ಡ್ರೆಸಿಂಗ್. ನೋಟ್‌ಬುಕ್ಕಿಗೆ ನೋವು ಎಂದು ಹೊಸ ಕಾಲಮ್ ಹಾಕಿದ್ದೇನೆ. ಮೊದಲ ದಿನ ಇಕ್ಕಳ ಕೆಳಗಿಟ್ಟು, ಅವಳ ಮುಖ ನೋಡುತ್ತ ಕೇಳಿದೆ.

"ಬ್ಯಾನಿ ಐತೇನ ಅಕ್ಕಾ?"

"ಇಲ್ಲವಾ."

ಪೆನ್ನು ಎತ್ತಲಿಲ್ಲ.

"ಯಾಕ, ಬರಿಯೂದಿಲ್ಲೇನ?"

"ನೀ ಖರೇ ಹೇಳೂತನಾ ಬರಿಯೂದಿಲ್ಲ."

ಅಕ್ಕನ ಮುಖ ಸಣ್ಣದಾಯಿತು. "ಅರ್ಧ ಕಾಲು ಕೊಟ್ಟೇನಿ. ಆದ್ರೂ ಫೇಲ್ ಮಾಡ್ತಿ ನೋಡು" ಎಂದು ಗೋಡೆಯ ಕಡೆ ಹೊರಳಿದಳು. ಅಂದಿನಿಂದ ಡ್ರೆಸಿಂಗಿನ ಹೊತ್ತಿಗೆ ಕತೆಯನ್ನೂ ಹೇಳುವುದಿಲ್ಲ. ಕೇಳಿದರೆ ಇಲ್ಲ ಅನ್ನುತ್ತಾಳೆ, ಅಷ್ಟೇ.

ಕಚ್ಚಿದ ಗುರುತು ಎದ್ದು ಕಾಣಲೆಂದು ಅವಳಿಗೆ ಬಿಳಿಯ ಎರಡು ಹೊಸ ಸೀರೆ ತಂದಿದ್ದೇನೆ. ಮಧ್ಯಾಹ್ನ ಒಗೆಯುವಾಗ ಸೆರಗನ್ನು ಬೆಳಕಿಗೆ ಹಿಡಿದು ಹೊಸ ತೂತುಗಳನ್ನು ಎಣಿಸುತ್ತೇನೆ. ಒಳಗೆ ಬಂದು ಆ ಸಂಖ್ಯೆಯನ್ನು ನೋವಿನ ಕಾಲಮ್ಮಿನಲ್ಲಿ ಬರೆಯುತ್ತೇನೆ. ನಿನ್ನೆ ನಾಲ್ಕಿದ್ದವು.