ಹಿಂದಿನ ಸೀಟಿನಲ್ಲಿ ಕೂತು ನೋಡಿದ ಕಾರು

ಹೋದ ವರ್ಷ ಮಾವಿನ ಮಿಡಿ ಬರುವುದಕ್ಕೆ ಇನ್ನೂ ಒಂದೆರಡು ತಿಂಗಳು ಇರುವಾಗ ನಾನು ಒಂದು ದೊಡ್ಡ ಕಾರು ಕೊಳ್ಳಲು ಹೊರಟೆ. ಹೊಸದಲ್ಲ, ಒಬ್ಬರು ಓಡಿಸಿ ಬಿಟ್ಟದ್ದು. ಗಣಿತ ಕಲಿಸಿ ನಿವೃತ್ತಳಾದ ಹೈಸ್ಕೂಲು ಮಾಸ್ತರಿಣಿಗೆ ಶ್ರೀಮಂತರ ಕಾರು ಯಾಕೆ ಎಂದು ಶಿರಸಿಯಲ್ಲಿ ಕೇಳದವರಿಲ್ಲ. ಕೇಳಿದವರಿಗೆಲ್ಲ ನಿಮ್ಮ ಕೆಲಸ ನೋಡಿಕೊಳ್ಳಿ ಎಂದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಮೂವತ್ತು ವರ್ಷದ ನನ್ನ ವಿದ್ಯಾರ್ಥಿಗಳೆಲ್ಲ ಸಾಕ್ಷಿ ಇದ್ದಾರೆ.

ನಿಜವಾದ ಕಾರಣ ನನ್ನ ಅಕ್ಕ. ಅವಳು ನನಗಿಂತ ಎಂಟು ವರ್ಷ ದೊಡ್ಡವಳು, ಯಲ್ಲಾಪುರದಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಭೈರುಂಬೆಯಲ್ಲಿ ನಾವು ಸಣ್ಣವರಿದ್ದಾಗ ನನ್ನ ಜಡೆ ಹೆಣೆದವಳು, ಶಾಲೆಗೆ ಕರೆದೊಯ್ದವಳು, ಮಗ್ಗಿ ತಪ್ಪಿದರೆ ತಲೆಗೆ ಮೊಟಕಿದವಳು ಅವಳೇ. ಮದುವೆಯಾಗಿ ಹೋದ ಮೇಲೂ ಪ್ರತಿ ವರ್ಷ ಮಿಡಿಯ ಕಾಲಕ್ಕೆ ಶಿರಸಿಗೆ ಬಂದು ಒಂದು ವಾರ ನಮ್ಮ ಮನೆಯಲ್ಲಿ ಉಳಿಯುತ್ತಿದ್ದಳು. ಇಬ್ಬರೂ ಕೂತು ಅಪ್ಪೆಮಿಡಿ ಉಪ್ಪಿನಕಾಯಿ ಹಾಕುತ್ತಿದ್ದೆವು. ಹಾಕುತ್ತಿದ್ದವಳು ಅವಳು, ನಾನು ಮಿಡಿಯ ತೊಟ್ಟು ಮುರಿಯುತ್ತ ಊರಿನವರನ್ನೆಲ್ಲ ಬೈಯುತ್ತಿದ್ದೆ. ವರ್ಷದ ಉಳಿದ ವಾರಗಳೆಲ್ಲ ಆ ಒಂದು ವಾರಕ್ಕೋಸ್ಕರವೇ ಬರುತ್ತವೆ ಎಂದು ನನಗೆ ಅನ್ನಿಸುತ್ತಿತ್ತು.

ನಾನು ಕಾರು ಕೊಳ್ಳಲು ಹೊರಡುವುದಕ್ಕೆ ಎರಡೂವರೆ ವರ್ಷ ಮೊದಲು ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದಳು. ಬೆನ್ನಿನ ಆಪರೇಷನ್ ಆಯಿತು. ಆರು ತಿಂಗಳ ಮೇಲೆ ಡಾಕ್ಟರು ಇನ್ನು ಓಡಾಡಬಹುದು ಎಂದರು. ನಾನು ನನ್ನ ಸಣ್ಣ ಕಾರಿನಲ್ಲಿ ಹೋಗಿ ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟೆ. ಮಂಚಿಕೇರಿ ದಾಟುವಷ್ಟರಲ್ಲಿ ಅವಳ ಮುಖ ಬಿಳಚಿಕೊಂಡಿತ್ತು. ಶಿರಸಿಯಲ್ಲಿ ಇಳಿಯುವಾಗ ಕಣ್ಣಲ್ಲಿ ನೀರಿತ್ತು. ರಸ್ತೆ ಮಾಡಿದ ಗುತ್ತಿಗೆದಾರನಿಗೆ ಆವತ್ತು ನಾನು ಹಾಕಿದ ಶಾಪ ಒಂದೆರಡಲ್ಲ. ಆಮೇಲೆ ಅಕ್ಕ ಬರಲಿಲ್ಲ. ಫೋನು ಮಾಡಿದಾಗೆಲ್ಲ ಒಂದೇ ಮಾತು. "ಯಂಗೆ ಪ್ರಯಾಣ ಆಗ್ತಿಲ್ಲೆ ತಂಗಿ. ಮುಂದಿನ ವರ್ಷ ನೋಡನ." ನಮ್ಮ ಮನೆಮಾತಿನಲ್ಲಿ ಯಂಗೆ ಎಂದರೆ ನನಗೆ, ಆನು ಎಂದರೆ ನಾನು. ಎರಡು ವರ್ಷ ಉಪ್ಪಿನಕಾಯಿಯನ್ನು ನಾನೊಬ್ಬಳೇ ಹಾಕಿದೆ. ಎರಡೂ ವರ್ಷ ಬೂಸ್ಟು ಬಂತು.

ದೊಡ್ಡ ಕಾರುಗಳಲ್ಲಿ ಕಬ್ಬಿಣದ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರ್ ಚೀಲ ಇರುತ್ತದೆ, ಗುಂಡಿಗೆ ಬಿದ್ದರೂ ಒಳಗಿದ್ದವರಿಗೆ ಗೊತ್ತಾಗುವುದಿಲ್ಲ ಎಂದು ಎಲ್ಲೋ ಓದಿದೆ. ಹೊಸದರ ಬೆಲೆ ಕೇಳುವ ಹಾಗಿಲ್ಲ. ಹತ್ತು ವರ್ಷ ಹಳೆಯದು ಸಿದ್ದಾಪುರದ ಒಬ್ಬ ವಕೀಲರ ಹತ್ತಿರ ಮಾರಾಟಕ್ಕಿದೆ ಎಂದು ತಿಳಿಯಿತು. ನನ್ನ ನಿವೃತ್ತಿಯ ದುಡ್ಡು ಬ್ಯಾಂಕಿನಲ್ಲಿ ಬಿದ್ದುಕೊಂಡಿತ್ತು. ಅಕ್ಕನನ್ನು ಬಿಟ್ಟು ಆ ದುಡ್ಡಿನಿಂದ ನಾನು ಮಾಡುವುದಾದರೂ ಏನು?

ಆದರೆ ಇಂಥ ಹಳೆಯ ಕಾರು ಕೊಂಡು ಕೈ ಸುಟ್ಟುಕೊಂಡವರ ಕಥೆ ಬೇಕಾದಷ್ಟು ಕೇಳಿದ್ದೆ. ಹಾಗಾಗಿ ಯಲ್ಲಾಪುರದಲ್ಲಿ ಅಕ್ಕನ ಮನೆಯ ಪಕ್ಕದಲ್ಲೇ ಗ್ಯಾರೇಜು ಇಟ್ಟುಕೊಂಡಿರುವ ಸಾಹೇಬರನ್ನು ಜೊತೆಗೆ ಬನ್ನಿ ಎಂದು ಕೇಳಿಕೊಂಡೆ. ಅರವತ್ತು ದಾಟಿದ ದಪ್ಪ ಮನುಷ್ಯ, ಮಾತು ಕಡಿಮೆ. ಗ್ಯಾರೇಜು ಹಾಕುವ ಮೊದಲು ಇಪ್ಪತ್ತು ವರ್ಷ ಮಂಗಳೂರು ಹಂಚು ತುಂಬಿದ ಲಾರಿಯನ್ನು ಕರಾವಳಿಯಿಂದ ಘಟ್ಟ ಹತ್ತಿಸಿದವರು. ಅಕ್ಕನಿಗೆ ಮಾತ್ರ ಹೇಳಬೇಡಿ ಎಂದೆ. ಕಾರು ಅವಳ ಮನೆ ಮುಂದೆ ನಿಂತಾಗಲೇ ಅವಳಿಗೆ ತಿಳಿಯಬೇಕು ಎಂಬುದು ನನ್ನ ಆಸೆಯಾಗಿತ್ತು.

ಸಾಹೇಬರು ಬಸ್ಸಿನಲ್ಲಿ ಶಿರಸಿಗೆ ಬಂದರು. ಅಲ್ಲಿಂದ ಸಿದ್ದಾಪುರಕ್ಕೆ ನಾನೇ ನನ್ನ ಸಣ್ಣ ಕಾರಿನಲ್ಲಿ ಕರೆದುಕೊಂಡು ಹೋದೆ. ನಾನು ಕಾರು ಕಲಿತದ್ದು ಐವತ್ತನೇ ವಯಸ್ಸಿಗೆ. ಊರಿಗೆ ಊರೇ ನಕ್ಕಿತ್ತು, ನಮ್ಮ ಮನೆಯವರೂ ನಕ್ಕಿದ್ದರು. ಕಲಿ, ನಾನಿದ್ದೇನೆ ಎಂದವಳು ಅಕ್ಕ ಒಬ್ಬಳೇ. ಲೈಸೆನ್ಸು ಬಂದ ದಿನ ಮೊದಲು ನನ್ನ ಪಕ್ಕದಲ್ಲಿ ಕೂತವಳೂ ಅವಳೇ. ಈಗ ನನಗೆ ಸ್ಟೇರಿಂಗ್ ಹಿಡಿದರೆ ರೆಕ್ಕೆ ಬಂದ ಹಾಗಾಗುತ್ತದೆ. ನಾನು ಓಡಿಸುವಾಗ ಮನೆಯವರು ಕಣ್ಣು ಮುಚ್ಚಿಕೊಂಡು ಕೂರುತ್ತಾರೆ. ಜಪ ಮಾಡುತ್ತಾರೆ ಎಂದುಕೊಂಡಿದ್ದೆ. ಸಾಹೇಬರು ಕಣ್ಣು ಮುಚ್ಚಲಿಲ್ಲ. ಬಾಗಿಲಿನ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಸಿದ್ದಾಪುರದಲ್ಲಿ ಇಳಿದವರು ಮೊದಲು ಒಂದು ಚೊಂಬು ನೀರು ಕುಡಿದರು.

ಕಾರು ವಕೀಲರ ಅಂಗಳದಲ್ಲಿ ಮಿರಮಿರ ಮಿಂಚುತ್ತಿತ್ತು. ನಾನು ನೋಟ್‌ಬುಕ್ಕಿನಲ್ಲಿ ನಲವತ್ತೊಂದು ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಕಾಗದಪತ್ರ, ವಿಮೆ, ಸರ್ವೀಸು ಮಾಡಿಸಿದ ಪುಸ್ತಕ, ಎರಡನೇ ಕೀಲಿಕೈ ಎಲ್ಲ ಒಂದೊಂದಾಗಿ ಕೇಳಿದೆ. ಕೋರ್ಟಿನಲ್ಲಿ ಬೇರೆಯವರನ್ನು ಪ್ರಶ್ನಿಸುವ ಮನುಷ್ಯ ನನ್ನೆದುರು ಶಾಲೆಯ ಹುಡುಗನ ಹಾಗೆ ಕೈಕಟ್ಟಿ ಉತ್ತರಿಸಿದರು. ಎಂಜಿನ್ ಮೇಲೆ ಕೊರೆದ ನಂಬರು, ಪುಸ್ತಕದ ನಂಬರು ಎರಡನ್ನೂ ಅಕ್ಷರಕ್ಕೆ ಅಕ್ಷರ ತಾಳೆ ನೋಡಿದೆ. ಅಷ್ಟೂ ಹೊತ್ತು ಸಾಹೇಬರು ಬಾನೆಟ್ಟಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದರು.

"ಗಾಡಿ ಬಿಸಿ ಐತ್ರಿ ಅಕ್ಕೋರೆ" ಎಂದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎಂದೇ ಹೇಳುವುದು.

"ಈಗಷ್ಟೇ ತೊಳಸ್ಕಂಡು ಬಂದೆ" ಎಂದರು ವಕೀಲರು.

"ಇರ್ಲಿ ಬಿಡ್ರಿ. ಬಿಸಿ ಎಂಜಿನ್ ಎಲ್ಲಾ ರೋಗ ಮುಚ್ಚಿಟ್ಕೋತೈತಿ. ಇದನ್ನ ಹಿಂಗ ನಿಲ್ಸಿ ಇಡ್ರಿ, ಯಾರೂ ಚಾಲೂ ಮಾಡಬ್ಯಾಡ್ರಿ. ನಾಳೆ ಮುಂಜಾನೆ ಬರ್ತೀವಿ."

ಇಷ್ಟು ದೂರ ಬಂದು ನಾಳೆ ಎಂದರೆ ನನಗೆ ತಲೆ ಕೆಟ್ಟುಹೋಯಿತು. ಸಾಹೇಬರು ನನ್ನ ಸಿಟ್ಟನ್ನು ಗಮನಿಸಲೇ ಇಲ್ಲ. ಅಂಗಳದ ಮೂಲೆಯಲ್ಲಿದ್ದ ಅಡಿಕೆ ಮರ ಸೀಳಿದ ದಬ್ಬೆಯ ತುಂಡೊಂದನ್ನು ಎತ್ತಿಕೊಂಡು ಒಂದೊಂದು ಚಕ್ರದ ಪಕ್ಕದಲ್ಲೂ ನೆಲಕ್ಕೆ ಊರಿ, ಕಾರಿನ ಅಂಚು ಎಲ್ಲಿಗೆ ಬರುತ್ತದೋ ಅಲ್ಲಿ ಚಾಕುವಿನಿಂದ ಗೀರು ಹಾಕಿದರು. ಗಾಳಿಚೀಲ ಸೋರುತ್ತಿದ್ದರೆ ರಾತ್ರಿ ಬೆಳಗಾಗುವುದರೊಳಗೆ ಕಾರು ಒಂದು ಕಡೆ ಕುಸಿದು ಕೂರುತ್ತದಂತೆ. ಚಾಲೂ ಮಾಡಿದ ಕೂಡಲೇ ಮತ್ತೆ ಎದ್ದು ನಿಲ್ಲುತ್ತದಂತೆ. ಅದಕ್ಕೇ ಮಾರುವವರು ಗಿರಾಕಿ ಬರುವ ಮೊದಲೇ ಚಾಲೂ ಮಾಡಿಡುತ್ತಾರಂತೆ. ನಲವತ್ತೊಂದು ಪ್ರಶ್ನೆಯಲ್ಲಿ ಇದೊಂದು ನನಗೆ ಹೊಳೆದಿರಲಿಲ್ಲ.

ನಾನು ಮನ್ಮನೆಯಲ್ಲಿ ಮನೆಯವರ ನೆಂಟರಲ್ಲಿ ಉಳಿದೆ. ಸಾಹೇಬರು ಸಿದ್ದಾಪುರ ಪೇಟೆಯಲ್ಲಿ ತಂಗಿಯ ಮನೆಗೆ ಹೋದರು. ಬೆಳಿಗ್ಗೆ ಅವರನ್ನು ಕರೆದುಕೊಂಡು ಹೋಗಲು ಬರುತ್ತೇನೆ ಎಂದರೆ ಬೇಡ, ನಡೆದೇ ಬರುತ್ತೇನೆ ಎಂದರು.

ಮರುದಿನ ದಬ್ಬೆಯ ಗೀರು ನಾಲ್ಕೂ ಚಕ್ರಕ್ಕೆ ಸರಿಯಾಗಿ ಕೂತಿತು. ತಣ್ಣಗಿದ್ದ ಎಂಜಿನ್ ಒಂದೇ ಸಲಕ್ಕೆ ಚಾಲೂ ಆಯಿತು, ಹೊಗೆ ಬರಲಿಲ್ಲ. ಆಮೇಲೆ ಸಾಹೇಬರ ಪರೀಕ್ಷೆ ಶುರುವಾಯಿತು. ಬಾನೆಟ್ಟಿನ ಬೋಲ್ಟುಗಳ ಬಣ್ಣ ಕಿತ್ತಿದೆಯೇ ಎಂದು ನೋಡಿದರು, ಕಿತ್ತಿದ್ದರೆ ಪಾನಾ ಹಾಕಿ ಬಿಚ್ಚಿದ್ದಾರೆ ಎಂದು ಅರ್ಥ. ಬಾಗಿಲಿನ ರಬ್ಬರು ಸರಿಸಿ ಬೆಸುಗೆ ನೋಡಿದರು. ಸೀಟ್ ಬೆಲ್ಟನ್ನು ಕೊನೆ ಮುಟ್ಟುವ ತನಕ ಎಳೆದು ಮೂಸಿದರು. ಕಾರು ನೆರೆಯ ನೀರಿನಲ್ಲಿ ಮುಳುಗಿದ್ದರೆ ಎಲ್ಲ ತೊಳೆದರೂ ಬೆಲ್ಟಿನ ಬುಡದಲ್ಲಿ ಕೆಸರು ಉಳಿದಿರುತ್ತದಂತೆ. ಕಾಲಡಿಯ ಚಾಪೆ ಎತ್ತಿದರು. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಮೈಯೆಲ್ಲ ಆಡಿಸಿದರು, ತಗ್ಗು ಮುಚ್ಚಲು ಲಪ್ಪ ಮೆತ್ತಿದ ಕಡೆ ಅದು ಹಿಡಿಯುವುದಿಲ್ಲ. ಕಾರಿನಡಿಗೆ ಗೋಣಿ ಹಾಸಿ ಮಲಗಿ ಹದಿನೈದು ನಿಮಿಷ ಹೊರಗೇ ಬರಲಿಲ್ಲ, ನಿದ್ದೆ ಹೋದರೋ ಏನೋ ಎಂದು ವಕೀಲರು ಬಗ್ಗಿ ನೋಡಿದರು.

ಕೊನೆಗೆ ಓಡಿಸಿ ನೋಡುವುದು. ನಾನು ಸ್ಟೇರಿಂಗ್ ಹಿಡಿದೆ, ವಕೀಲರು ಪಕ್ಕದಲ್ಲಿ ಕೂತರು. ಸಾಹೇಬರು ಮಾತ್ರ ಹಿಂದಿನ ಸೀಟಿಗೆ ಹೋದರು. "ಅಕ್ಕ ಎಲ್ಲಿ ಕುಂದ್ರತಾರೋ ಅಲ್ಲೇ ಕುಂತು ನೋಡಬೇಕ್ರಿ" ಎಂದರು. ಶಿರಸಿ ದಾರಿಯಲ್ಲಿ ಒಂದಷ್ಟು ದೂರ ಹೋದೆವು. ಏನು ಕಾರು ಅದು ಮಾರಾಯರೆ, ಕಾಲಿಟ್ಟರೆ ಸಾಕು, ಚಿಮ್ಮುತ್ತದೆ. ಎದುರಿಗೆ ಬಂದ ಬಸ್ಸಿನವನಿಗೆ ಬೈದೆ, ಅಡ್ಡ ಬಂದ ಎಮ್ಮೆಗೆ ಬೈದೆ, ಹೇಳದೆ ಕೇಳದೆ ಹಂಪು ಹಾಕಿದವರಿಗೆ ಬೈದೆ. ತಿರುಗಿ ಬಂದು ಅಂಗಳದಲ್ಲಿ ನಿಲ್ಲಿಸಿ ಕೇಳಿದೆ, "ಹೆಂಗಿದೆ ಸಾಹೇಬ್ರೆ?"

"ಗಾಡಿ ಭಾಳ ಚಲೋ ಐತ್ರಿ."

ವಕೀಲರು ಚಹಾ ತರಲು ಒಳಗೆ ಹೋದರು. ಸಾಹೇಬರು ನನ್ನ ಸಣ್ಣ ಕಾರಿನ ಕೀಲಿಕೈಗೆ ಕೈಚಾಚಿದರು. "ಇನ್ನೊಂದು ನೋಡೋದು ಉಳದೈತ್ರಿ. ನೀವು ಹಿಂದ ಕುಂದ್ರಿ. ಅದೇ ದಾರಿ, ಅಲ್ಲೀತನಕ ಹೋಗಿ ಬರೂಣು."

ಹತ್ತು ವರ್ಷವಾದರೂ ನಾನು ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಒಮ್ಮೆಯೂ ಕೂತವಳಲ್ಲ. ಸಾಹೇಬರು ಓಡಿಸತೊಡಗಿದರು. ಹಂಪು ಇನ್ನೂ ದೂರವಿರುವಾಗಲೇ ವೇಗ ತಾನಾಗಿ ಇಳಿದಿರುತ್ತಿತ್ತು. ಗುಂಡಿಗೆ ಚಕ್ರ ಇಳಿಯುವ ಹೊತ್ತಿಗೆ ಸರಿಯಾಗಿ ಬ್ರೇಕಿನಿಂದ ಕಾಲು ತೆಗೆಯುತ್ತಿದ್ದರು. ತಿರುವಿನಲ್ಲಿ ನನ್ನ ಭುಜ ಬಾಗಿಲಿಗೆ ತಾಗಲಿಲ್ಲ. ಅದೇ ರಸ್ತೆ, ಅದೇ ಗುಂಡಿ, ನನ್ನದೇ ಡಬ್ಬಾ ಕಾರು, ಹೊಟ್ಟೆಯ ನೀರು ಅಲುಗಲಿಲ್ಲ. ಇಪ್ಪತ್ತು ವರ್ಷ ಹಂಚು ಒಡೆಯದ ಹಾಗೆ ಘಟ್ಟ ಹತ್ತಿದ ಕಾಲು ಅದು. ನನಗೆ ಏನೋ ಅರ್ಥವಾಗತೊಡಗಿತು, ಅರ್ಥವಾಗುವುದು ಬೇಡವಾಗಿತ್ತು.

ಸಾಹೇಬರು ಬದಿಗೆ ನಿಲ್ಲಿಸಿದರು. ತಿರುಗಿ ನನ್ನ ಮುಖ ನೋಡಲಿಲ್ಲ. "ಸಿಟ್ಟಾಗಬ್ಯಾಡ್ರಿ ಅಕ್ಕೋರೆ. ಆ ಗಾಡಿ ತಗೊಳ್ಳಾಕ ಏನೂ ಅಡ್ಡಿ ಇಲ್ಲ. ಅಕ್ಕನ ಸಲುವಾಗಿ ಅಂದ್ರ ಮಾತ್ರ ಬ್ಯಾಡ್ರಿ. ನಿಮ್ಮ ಕಾಲಿಗೆ ಭಾಳ ಸಿಟ್ಟೈತಿ. ಆ ಗಾಡ್ಯಾಗೂ ನನ್ನ ಸೊಂಟ ಹಿಡೀತು."

ಅವರು ಎಂಜಿನ್ ಆರಿಸಿ ಮುಂದುವರಿಸಿದರು. "ಅಕ್ಕನ್ನ ನಾನು ಮೂರು ಸಲ ಹುಬ್ಬಳ್ಳಿಗೆ ಕರ್ಕೊಂಡು ಹೋಗಿ ಬಂದೇನ್ರಿ, ನನ್ನ ಹಳೇ ವ್ಯಾನಿನಾಗ. ಆರಾಮ ಬಂದ್ರು. ನಿಮಗ ಹೇಳಬ್ಯಾಡ ಅಂದಿದ್ರು."

ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡೆ. ಮೂರು ಸಲ ಹುಬ್ಬಳ್ಳಿ. ಶಿರಸಿಗಿಂತ ದೂರದ ಹುಬ್ಬಳ್ಳಿ. ಹಾಗಾದರೆ ಎರಡು ವರ್ಷದಿಂದ ಅಕ್ಕನನ್ನು ನನ್ನ ಮನೆಗೆ ಬಾರದ ಹಾಗೆ ಮಾಡಿದವಳು ನಾನೇ. ಅಳು ಬಂತು, ಅತ್ತೆ. ಯಲ್ಲಾಪುರದ ತನಕವೂ ನೀವೇ ಓಡಿಸಿ ಎಂದು ಸಾಹೇಬರಿಗೆ ಹೇಳಿ ಹಿಂದೆಯೇ ಕೂತೆ.

ಅಕ್ಕ ಜಗಲಿಯಲ್ಲಿ ಕೂತು ಬಸಳೆ ಸೋಸುತ್ತಿದ್ದಳು. ನಾನು ಹೋದವಳೇ ಜಗಳಕ್ಕೆ ನಿಂತೆ. ನನಗೆ ಯಾಕೆ ಹೇಳಲಿಲ್ಲ, ನಾನೇನು ಹುಲಿಯಾ ಕರಡಿಯಾ, ಸಾಹೇಬರ ವ್ಯಾನಿನಲ್ಲಾದರೂ ಶಿರಸಿಗೆ ಬರಬಹುದಿತ್ತಲ್ಲ ಎಂದೆ. ಅವಳು ಬಸಳೆಯ ದಂಟು ಮುರಿಯುವುದನ್ನು ನಿಲ್ಲಿಸಲಿಲ್ಲ.

"ಅವರ ವ್ಯಾನಲ್ಲಿ ಬಂದಿದ್ರೆ ನಿಂಗೆ ಗೊತ್ತಾಗ್ತಿತ್ತು. ಎಂತ ಹೇಳಕ್ಕಾಗಿತ್ತು ಆನು? ಐವತ್ತನೇ ವರ್ಷಕ್ಕೆ ಕಲ್ತೆ ನೀನು. ಊರೆಲ್ಲ ನೆಗ್ಯಾಡಿತ್ತು. ಆನೂ ಹಂಗೇ ಹೇಳಿದ್ರೆ ನೀ ಕೀಲಿಕೈ ಒಗೆದು ಮನೆಲಿ ಕೂರ್ತಿದ್ದೆ. ಅದಕ್ಕಿಂತ ಆನೇ ಮನೆಲಿ ಕೂತ್ರೆ ಅಡ್ಡಿಲ್ಲೆ ಹೇಳಿ ಕಂಡ್ತು."

ಅವಳ ಪಕ್ಕದಲ್ಲಿ ಕೂತು ನಾನೂ ಬಸಳೆ ಮುರಿದೆ. ಬೇರೆ ಏನು ಮಾಡಬೇಕು ಎಂದು ತಿಳಿಯಲಿಲ್ಲ.

ವಕೀಲರಿಗೆ ಫೋನು ಮಾಡಿ, ಚಹಾಕ್ಕೂ ನಿಲ್ಲದೆ ಬಂದದ್ದಕ್ಕೆ ಕ್ಷಮೆ ಕೇಳಿ, ಕಾರು ಬೇಡ ಎಂದೆ. ಪಾಪ, ಯಾವ ದೋಷ ಕಂಡಿತು ಎಂದು ಕೇಳಿದರು. ಕಾರಿನಲ್ಲಿ ಯಾವ ದೋಷವೂ ಇಲ್ಲ ಎಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ.

ಆಮೇಲೆ ಒಂದೂವರೆ ತಿಂಗಳು, ವಾರಕ್ಕೆ ಎರಡು ದಿನ, ಸಾಹೇಬರನ್ನು ಹಿಂದೆ ಕೂರಿಸಿಕೊಂಡು ಮತ್ತೆ ಕಾರು ಕಲಿತೆ. ಲೈಸೆನ್ಸು ಸಿಗುವಾಗ ಇಷ್ಟು ಕಷ್ಟವಾಗಿರಲಿಲ್ಲ. ಅವರು ಬೈಯಲಿಲ್ಲ. ಬೆನ್ನಿಗೆ ಕುಲುಕು ಬಿದ್ದಾಗೆಲ್ಲ "ಹಂಚು ಒಡೀತ್ರಿ" ಎನ್ನುತ್ತಿದ್ದರು, ಅಷ್ಟೆ. ಮೊದಲ ದಿನ ಎಷ್ಟು ಹಂಚು ಒಡೆದೆನೋ ಲೆಕ್ಕವಿಲ್ಲ. ಒಂದು ದಿನ ಭೈರುಂಬೆಯಿಂದ ಶಿರಸಿಯ ತನಕ ಅವರು ಬಾಯಿಯನ್ನೇ ಬಿಡಲಿಲ್ಲ. ಇಳಿಯುವಾಗ, ಇನ್ನು ಅಕ್ಕನನ್ನು ಕರೆದುಕೊಂಡು ಬನ್ನಿ ಎಂದರು.

ಮಿಡಿ ಬಂದ ವಾರ ಯಲ್ಲಾಪುರಕ್ಕೆ ಹೋದೆ. ಅಕ್ಕ ಹಿಂದಿನ ಸೀಟಿನಲ್ಲಿ ಕೂತು, ನನಗೆ ಕೇಳಬಾರದೆಂದು ಮೆಲ್ಲಗೆ ದೇವರ ಹೆಸರು ಹೇಳಿದಳು. ನಾನು ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓಡಿಸಿದೆ. ಹಿಂದಿನಿಂದ ಲಾರಿಯವನು ಹಾರ್ನು ಹೊಡೆದೇ ಹೊಡೆದ, ಬದಿಗೆ ಸರಿದು ಅವನನ್ನು ಮುಂದೆ ಬಿಟ್ಟೆ. ಬೈಯಲಿಲ್ಲ. ಅಕ್ಕನ ಹತ್ತಿರ ಹೇಗಿದೆ ಎಂದು ಕೇಳಲು ಬಾಯಿ ಬರಲಿಲ್ಲ, ಕನ್ನಡಿಯಲ್ಲಿ ನೋಡಲೂ ಹೆದರಿಕೆ. ಮಂಚಿಕೇರಿ ದಾಟಿತು. ಭೈರುಂಬೆಯ ಹತ್ತಿರ ಬಂದಾಗ ನಮ್ಮ ಶಾಲೆ ಇದ್ದ ಕಡೆ ತೋರಿಸಿ ಏನೋ ಹೇಳಿದೆ. ಹಿಂದಿನಿಂದ ಉತ್ತರವಿಲ್ಲ. ಕನ್ನಡಿಯಲ್ಲಿ ನೋಡಿದೆ. ಅಕ್ಕ ಬಾಯಿ ಸ್ವಲ್ಪ ತೆರೆದು, ತಲೆಯನ್ನು ಗಾಜಿಗೆ ಒರಗಿಸಿಕೊಂಡಿದ್ದಳು.

ಶಿರಸಿಯಲ್ಲಿ ಮನೆ ಮುಂದೆ ನೆರಳು ನೋಡಿ ನಿಲ್ಲಿಸಿ, ಮುಂದಿನ ಕಿಟಕಿ ಇಳಿಸಿ, ಎಂಜಿನ್ ಆರಿಸಿದೆ. ಮನೆಯವರು ಗಾಬರಿಯಾಗಿ ಗೇಟಿಗೆ ಬಂದು ಏನಾಯಿತು ಎಂದು ಕೈಯಲ್ಲೇ ಕೇಳಿದರು. ನಾನು ಮಾತಾಡಬೇಡಿ ಎಂದು ಸನ್ನೆ ಮಾಡಿ ಹಾಗೇ ಕೂತೆ. ನನ್ನ ಕಾರಿನಲ್ಲಿ ಅಕ್ಕ ನಿದ್ದೆ ಮಾಡಿದ್ದು ಅದೇ ಮೊದಲು.