ಮಾಲೀಕನ ವಾರ್ಡು ಬರಿದು ಮಾಡಿದ ಸಿಸ್ಟರ್

ತಂಗಿ ಹೆರಿಗೆ ನೋವಿನಲ್ಲಿ ಒದ್ದಾಡುತ್ತಿದ್ದಾಗ ಊರವರೇ ನಡೆಸುತ್ತಿದ್ದ ಆರೋಗ್ಯ ಕೇಂದ್ರಕ್ಕೆ ಬೀಗ ಬಿದ್ದಿತ್ತು. ಅಲ್ಲಿದ್ದ ಒಬ್ಬಳೇ ನರ್ಸನ್ನು ಪಟ್ಟಣದ ದೊಡ್ಡ ಆಸ್ಪತ್ರೆಯ ಮಾಲೀಕ ಡಾಕ್ಟರ್ ಹಿಂದಿನ ವಾರವಷ್ಟೇ ಪುಸಲಾಯಿಸಿ ಕರೆದೊಯ್ದಿದ್ದ. ತಂಗಿಯೂ ಉಳಿಯಲಿಲ್ಲ, ಮಗುವೂ ಉಳಿಯಲಿಲ್ಲ.

ಮಣ್ಣು ಮಾಡಿದ ಮಾರನೆಯ ದಿನವೇ ಅಕ್ಕ ಪಟ್ಟಣಕ್ಕೆ ಹೋದಳು.

"ನಮ್ಮೂರಿಗೆ ನರ್ಸನ್ನ ವಾಪಸ್ ಕಳಿಸಿ ಡಾಕ್ಟ್ರೇ."

ಅವನು ಫೋನಿನಿಂದ ತಲೆಯನ್ನೂ ಎತ್ತಲಿಲ್ಲ. "ಆ ಕೊಂಪೆಗೆ ಯಾರಮ್ಮ ಹೋಗ್ತಾರೆ? ಮನುಷ್ಯರು ಇರೋ ಜಾಗಾನಾ ಅದು?"

ಇವನ ಆಸ್ಪತ್ರೆ ಬರಿದು ಮಾಡದಿದ್ದರೆ ನಾನು ಅವಳ ಅಕ್ಕನೇ ಅಲ್ಲ ಎಂದುಕೊಂಡವಳು ಅಲ್ಲೇ ಆಯಾ ಕೆಲಸಕ್ಕೆ ಸೇರಿದಳು. ನೆಲ ಒರೆಸಿದಳು, ಬೈಗುಳ ನುಂಗಿದಳು, ಓದಿ ನರ್ಸಾದಳು. ಎದುರಿಗೆ "ಹೂಂ ಸರ್", ಒಳಗೊಳಗೇ ಹಲ್ಲು ಕಡಿತ. ಊಟದ ಹೊತ್ತಿನಲ್ಲಿ ಹಳ್ಳಿಗಳಿಂದ ಬಂದಿದ್ದ ನರ್ಸು ಹುಡುಗಿಯರ ಪಕ್ಕ ಕೂತು, ಹಳ್ಳಿ ಕೆಲಸ ಯಾಕೆ ಬಿಟ್ಟಿರಿ ಎಂದು ಮೆಲ್ಲಗೆ ಕೆದಕುತ್ತಿದ್ದಳು.

"ಬಚ್ಚಲಿಗೆ ಚಿಲಕಾನೇ ಇರ್ಲಿಲ್ಲ ಅಕ್ಕಾ."

"ಕುಡುಕರು ಬಂದು ಬಾಗಿಲು ಬಡೀತಿದ್ರು."

"ಮಗೂನ ಯಾರ ಹತ್ರ ಬಿಡ್ಲಿ ಹೇಳಿ?"

ಹಿರಿಯ ಸಿಸ್ಟರ್ ಆದ ಮೇಲೆ ಒಂದು ದಿನ ಕೆಲಸ ಬಿಟ್ಟು ಊರಿಗೆ ಬಂದಳು. ಊರ ಹಿರಿಯರ ಬೆನ್ನು ಬಿದ್ದು ನರ್ಸುಗಳ ಮನೆ ರಿಪೇರಿ ಮಾಡಿಸಿದಳು. ಬಚ್ಚಲಿಗೆ ಚಿಲಕ ಬಂತು, ನಲ್ಲಿಗೆ ನೀರು ಬಂತು. ಕಾವಲಿಗೆ ಬಂದ ಮಾಜಿ ಪೈಲ್ವಾನನ ಮೀಸೆ ಕಂಡರೇ ಕುಡುಕರ ಅಮಲು ಇಳಿಯುತ್ತಿತ್ತು. ನರ್ಸುಗಳ ಮಕ್ಕಳನ್ನು ನೋಡಿಕೊಳ್ಳಲು ಅವಳ ತಾಯಿಯೇ ಕೂತಳು. ಊರಿನ ಹುಡುಗಿಯರನ್ನೂ ನರ್ಸಿಂಗ್ ಓದಲು ಕಳಿಸಿದಳು.

ಆಮೇಲೆ ಫೋನು ಕೈಗೆತ್ತಿಕೊಂಡಳು; ಅಲ್ಲೂ ಮಲಗಲು ಸರಿಯಾದ ಕೋಣೆಯಿಲ್ಲದೆ, ಬೈಗುಳ ತಿಂದು ಬೇಸತ್ತಿದ್ದ ನರ್ಸುಗಳಿಗೆ ಇಲ್ಲಿನ ಮನೆ, ಕಾವಲಿನ ಸುದ್ದಿ ಹೇಳಿದಳು. ಒಬ್ಬೊಬ್ಬಳೇ ನರ್ಸು ಮಾಲೀಕನನ್ನು ಬಿಟ್ಟು ಬಂದಾಗಲೂ ಅವಳಿಗೆ ಹೊಟ್ಟೆ ತುಂಬಾ ಉಂಡಷ್ಟು ಸಂತೋಷ. ಅಂದು ಬೀಗ ಹಾಕಿ ಹೋದವಳೂ ಬಂದಳು. ಸಿಸ್ಟರ್ ಅವಳಿಗೆ ಕೆಲಸ ಕೊಟ್ಟಳು, ಮುಖ ಕೊಟ್ಟು ಮಾತಾಡಲಿಲ್ಲ.

ಒಂದು ಮಧ್ಯಾಹ್ನ ಪಟ್ಟಣದಿಂದ ಜೀಪೊಂದು ಬಸುರಿಯನ್ನು ಹೊತ್ತು ತಂದಿತು. "ದೊಡ್ಡಾಸ್ಪತ್ರೇಲಿ ಹೆರಿಗೆ ವಾರ್ಡೇ ಮುಚ್ಚಿದೆ ಸಿಸ್ಟರ್, ನರ್ಸುಗಳಿಲ್ವಂತೆ," ಎಂದು ಆ ಹೆಂಗಸಿನ ಅಕ್ಕ ಗೋಳಾಡಿದಳು. ಸಿಸ್ಟರ್ ತಾನೇ ಸ್ಟ್ರೆಚರ್ ತಳ್ಳಿಕೊಂಡು ಒಳಗೋಡಿದಳು. ಇನ್ನಷ್ಟು ತಡವಾಗಿದ್ದರೆ? ಹೇಗೋ ತಾಯಿ, ಮಗು ಇಬ್ಬರೂ ಉಳಿದರು. ಅವಳು ಕೈ ತೊಳೆಯುತ್ತಾ ನಿಂತವಳು ಬಹಳ ಹೊತ್ತು ನಲ್ಲಿ ನಿಲ್ಲಿಸಲೇ ಇಲ್ಲ.

ಅದೇ ವಾರ ಮಾಲೀಕನ ಕಾರು ಬಂತು. ಅವನನ್ನು ಹೊರಗಿನ ಬೆಂಚಿನ ಮೇಲೆ ಬೇಕೆಂದೇ ಕಾಯಿಸಿದಳು. ರೋಗಿಗಳೆಲ್ಲ ಮುಗಿದ ಮೇಲೆ ಒಳಗೆ ಕರೆದಳು.

"ನನ್ನ ಹೊಟ್ಟೆ ಮೇಲೆ ಹೊಡೀತಿದ್ದೀಯಲ್ಲಮ್ಮಾ. ಇಬ್ಬರನ್ನಾದ್ರೂ ವಾಪಸ್ ಕಳಿಸು."

"ಈ ಕೊಂಪೆಯಿಂದ ಮನುಷ್ಯರನ್ನ ಕೇಳೋಕೆ ಬಂದ್ರಾ ಸರ್?"

ಅವನ ಮುಖ ಸುಟ್ಟ ಬದನೆಕಾಯಿಯಂತಾಯಿತು. "ತಪ್ಪಾಯ್ತು."

"ಅದನ್ನ ಕೇಳಬೇಕಾದೋಳು ಮಣ್ಣಲ್ಲಿದ್ದಾಳೆ," ಎಂದಳು. ಆಮೇಲೆ ಜೀಪಿನಲ್ಲಿ ಬಂದ ಬಸುರಿ ನೆನಪಾದಳೋ ಏನೋ, "ಇಲ್ಲಿ ನಾನೇನೇನು ಮಾಡಿಸಿದ್ದೀನಿ ನೋಡ್ಕೊಂಡು ಹೋಗಿ. ಅಲ್ಲೂ ಮಾಡ್ಸಿ. ಬರೋರು ಬಂದ್ರೆ ನಾನು ತಡೆಯಲ್ಲ," ಎಂದಳು.

ಅವನು ಮಾಡಿಸಿದ. ಪಟ್ಟಣದಲ್ಲೇ ಮನೆಯಿದ್ದ ಇಬ್ಬರು ಮರಳಿ ಹೋದರು, ವಾರ್ಡು ತೆರೆಯಿತು. ಸಿಸ್ಟರ್ ತಡೆಯಲಿಲ್ಲ. ಕ್ಷಮಿಸಲೂ ಇಲ್ಲ. ಯಾರಾದರೂ ಆ ಮಾತೆತ್ತಿದರೆ, "ವಾರ್ಡು ತೆರೆಸಿದ್ದು ಬಸುರಿಯರಿಗೆ, ಅವನಿಗಲ್ಲ," ಎಂದು ಎದ್ದು ಹೋಗುತ್ತಾಳೆ.