ಬಾಯಿ ಬಿಡದೆ ಕೂರುವ ಕಾನೂನು

ಮಿಸ್ ವರ್ಲೀನ್ ಟ್ಯಾಕೆಟ್ ಅವರ ಬಾಯಿಗೆ ವಾರದಲ್ಲಿ ಒಂದೇ ಹೊತ್ತು ಬೀಗ: ಮಂಗಳವಾರ ಊಟದ ಬಿಡುವಿನಲ್ಲಿ, ಅವರ ಗಣಿತದ ಕೋಣೆಯಲ್ಲಿ ಬೈಬಲ್ ಕ್ಲಬ್ ಸೇರಿದಾಗ. ನಮ್ಮದು ಸರ್ಕಾರಿ ಶಾಲೆ, ಇಲ್ಲಿ ಟೀಚರು ಧರ್ಮ ಬೋಧಿಸುವಂತಿಲ್ಲ ಎಂಬುದು ಕಾನೂನು. ಮಕ್ಕಳೇ ಸೇರಬೇಕು, ಮಕ್ಕಳೇ ಪ್ರಾರ್ಥಿಸಬೇಕು. ಟೀಚರಾದವರು ಹಿಂದಿನ ಸಾಲಿನಲ್ಲಿ ಕೂತು, ಯಾರೂ ಕುರ್ಚಿ ಮುರಿಯದಂತೆ ನೋಡಿಕೊಳ್ಳಬಹುದು, ಅಷ್ಟೆ. ‘ಆಮೆನ್’ ಕೂಡ ಅನ್ನುವಂತಿಲ್ಲ.

ಭಾನುವಾರ ಪಾದ್ರಿ ವಚನ ತಪ್ಪಿದರೆ ಕೂತಲ್ಲಿಂದಲೇ ತಿದ್ದುವ ಹೆಂಗಸಿಗೆ ಇದೆಂಥ ಶಿಕ್ಷೆ ಅಂತ ಯೋಚಿಸಿ. ಒಮ್ಮೆ ಒಬ್ಬ ಹುಡುಗ ಕೆಂಪು ಸಮುದ್ರ ಸೀಳಿದ್ದು ನೋಹ ಅಂದುಬಿಟ್ಟ. ಗಂಟೆ ಹೊಡೆದದ್ದೇ ತಡ, ಮಿಸ್ ವರ್ಲೀನ್ ಪಕ್ಕದ ನನ್ನ ಬ್ಯಾಂಡ್ ಕೋಣೆಗೆ ನುಗ್ಗಿ, “ಮೋಶೆ! ಮೋಶೆ ಕಣೋ, ಮೋಶೆ!” ಅಂತ ದೊಡ್ಡ ಡ್ರಮ್ಮಿಗೆ ಗುದ್ದಿ ಹೋದರು. ನಾನು ಇಷ್ಟು ವರ್ಷ ಕಲಿಸಿದ ಯಾವ ಮಗುವೂ ಆ ಡ್ರಮ್ಮಿನಿಂದ ಅಂಥ ನಾದ ಹೊರಡಿಸಿಲ್ಲ.

ಹೋದ ಶರತ್ಕಾಲದಲ್ಲಿ ಇಫ್ರಾ ಅವರ ಬಳಿ ಬಂದಳು. ಸೊಮಾಲಿ ಹುಡುಗಿ, ತಾಯಿಗೆ ಊರಿನ ಕೋಳಿಮಾಂಸದ ಕಾರ್ಖಾನೆಯಲ್ಲಿ ಕೆಲಸ.

“ಮಿಸ್, ನಾವು ಮೂರು ಜನ ಇದೀವಿ. ಬುಧವಾರ ನಮಗೂ ಒಂದು ಕ್ಲಬ್ ಬೇಕು. ಮಧ್ಯಾಹ್ನದ ನಮಾಜು ಮಾಡಿ, ಒಂಚೂರು ಓದ್ಕೊಳ್ಳೋಕೆ. ಟೀಚರ್ ಒಬ್ರ ಸಹಿ ಬೇಕಂತೆ, ಯಾರೂ ಒಪ್ತಿಲ್ಲ.”

“ನಾನೇನು ಮಾಡ್ಬೇಕು?”

“ಏನೂ ಮಾಡೋ ಹಾಗಿಲ್ಲ, ಮಿಸ್. ಸುಮ್ನೆ ಕೂರ್ಬೇಕು.”

“ಅದ್ರಲ್ಲಿ ನಂಗೆ ಬೇಕಾದಷ್ಟು ಸರ್ವಿಸ್ ಆಗಿದೆ, ಕೊಡು,” ಅಂದು ಅವಳ ಅರ್ಜಿಗೆ ಸಹಿ ಹಾಕಿದರು.

ಇಫ್ರಾಳ ಧರ್ಮ ತಪ್ಪು ಎಂದೇ ಮಿಸ್ ವರ್ಲೀನ್ ನಂಬಿದ್ದರು, ಕೇಳಿದ್ದರೆ ಹೇಳಿಯೂಬಿಡುತ್ತಿದ್ದರು. ಆದರೆ ತಮಗೆ ಕೋಣೆ ಕೊಟ್ಟ ಕಾನೂನೇ ಅವಳಿಗೂ ಕೊಟ್ಟಿದೆ ಎಂಬುದರಲ್ಲಿ ಅವರಿಗೆ ಗೊಂದಲವೇ ಇರಲಿಲ್ಲ. ಗೊಂದಲವಿದ್ದದ್ದು ಊರಿಗೆ.

ನಮ್ಮ ಪಾದ್ರಿ ಗ್ಯಾರಿಯೇ ಶಾಲಾ ಮಂಡಳಿಯ ಅಧ್ಯಕ್ಷ. ಕ್ಲಬ್ಬಿಗೆ ಕೋಣೆ ಕೊಟ್ಟರೆ ಎಲ್ಲರಿಗೂ ಕೊಡಿ, ಇಲ್ಲದಿದ್ದರೆ ಯಾರಿಗೂ ಬೇಡ ಎಂದು ಮಂಡಳಿಯ ವಕೀಲರು ಹೇಳಿದರು. ಯಾರಿಗೂ ಬೇಡ ಎಂದು ಮಂಡಳಿ ತೀರ್ಮಾನಿಸಿತು. ಆವತ್ತಿನ ಚಪ್ಪಾಳೆ ನೀವು ಕೇಳಬೇಕಿತ್ತು! ಬೈಬಲ್ ಕ್ಲಬ್ಬು ಕೂಡ ಕ್ಲಬ್ಬೇ ಎನ್ನುವುದು ಆ ಸಭೆಯಲ್ಲಿ ಒಬ್ಬರಿಗಾದರೂ ಹೊಳೆದಿದ್ದರೆ ಕೇಳಿ. ಅವರ ಪಾಲಿಗೆ ಅದು ಗಾಳಿ ಬೆಳಕಿನ ಹಾಗೆ, ಇದ್ದೇ ಇರುವ ವಸ್ತು. ಮಂಗಳವಾರ ಕೋಣೆಗೆ ಬೀಗ ಬಿದ್ದಾಗ ಕಣ್ಣು ಬಿಟ್ಟರು. ಕಣ್ಣು ಬಿಟ್ಟು ನೋಡಿದ್ದು ಎತ್ತ? ಚಪ್ಪಾಳೆ ತಟ್ಟಿದ ತಮ್ಮ ಕೈಗಳತ್ತ ಅಲ್ಲ. ಮಿಸ್ ವರ್ಲೀನ್ ಅವರತ್ತ.

ಆ ಭಾನುವಾರ ಚರ್ಚಿನ ಸಹಭೋಜನಕ್ಕೆ ಅವರು ತಂದ ಸಿಹಿಗೆಣಸಿನ ತಟ್ಟೆಯನ್ನು ಯಾರೂ ಮುಟ್ಟಲಿಲ್ಲ. ಈ ಊರಿನಲ್ಲಿ ಅದಕ್ಕಿಂತ ಹೊಲಸು ಬೈಗುಳವಿಲ್ಲ. ಅವರ ಕೈಯಲ್ಲಿ ಲೆಕ್ಕ ಕಲಿತವರು, ಅವರ ಗೆಣಸು ತಿಂದೇ ದಪ್ಪಗಾದವರು, ತಟ್ಟೆಯನ್ನು ಸುತ್ತುಬಳಸಿ ದಾಟಿಕೊಂಡು ಹೋದರು. ನನಗೆ ಮೈಯೆಲ್ಲ ಉರಿಯಿತು. ನಾನೊಬ್ಬ ಮತ್ತೆ ಮತ್ತೆ ಬಡಿಸಿಕೊಂಡೆ. ನನ್ನ ಹೊಟ್ಟೆ ಬಲ್ಲ ಜನ ಅದನ್ನು ಪ್ರತಿಭಟನೆ ಎಂದು ಎಣಿಸಲಿಲ್ಲ.

ಬೈಬಲ್ ಮಕ್ಕಳಿಗೆ ಚರ್ಚಿನ ನೆಲಮಾಳಿಗೆ ಸಿಕ್ಕಿತು. ಇಫ್ರಾ ಮತ್ತವಳ ಗೆಳತಿಯರು ವ್ಯಾಯಾಮಶಾಲೆಯ ಹಿಂದೆ, ಕಾರು ನಿಲ್ಲಿಸುವ ಜಾಗದಲ್ಲಿ, ಚಳಿಗಾಳಿಯಲ್ಲಿ ಚಾಪೆ ಹಾಸಿದರು. ಮಿಸ್ ವರ್ಲೀನ್ ಮಡಚುವ ಕುರ್ಚಿ ಹೊತ್ತುಕೊಂಡು ಹೋಗಿ ಅಲ್ಲೇ ಕೂತರು. ನಾನು ಕಾಫಿ ಫ್ಲಾಸ್ಕ್ ಹಿಡಿದು ಪಕ್ಕದಲ್ಲಿ ನಿಂತೆ.

ಗ್ಯಾರಿ ಕಾರಿನಿಂದ ಇಳಿದು ಬಂದ.

“ಮಿಸ್, ನಿಮ್ಮ ಸಹಿ ವಾಪಸ್ ತಗೊಂಡ್ಬಿಡಿ. ಟೀಚರ್ ಇಲ್ದಿದ್ರೆ ಅವರ ಕ್ಲಬ್ ತಾನಾಗೇ ಬಿದ್ದೋಗುತ್ತೆ. ನಾಳೆನೇ ಎಲ್ಲ ಕ್ಲಬ್ ತೆರೆಸ್ತೀನಿ. ಭಾನುವಾರದ ತರಗತಿನೂ ನಿಮ್ಮ ಕೈಯಲ್ಲೇ ಇರುತ್ತೆ.”

ಇಪ್ಪತ್ತು ವರ್ಷದಿಂದ ಅವರು ನಡೆಸುತ್ತಿದ್ದ ಬೈಬಲ್ ತರಗತಿ ಅದು.

“ಗ್ಯಾರಿ, ಈಗ ಕ್ಲಬ್ ಇದೆಯಾ?”

“ಇಲ್ಲ, ಮಿಸ್.”

“ಕ್ಲಬ್ ಇಲ್ಲ ಅಂದ್ಮೇಲೆ ನಾನು ಬಾಯಿ ಮುಚ್ಕೊಂಡು ಕೂರ್ಬೇಕು ಅನ್ನೋ ರೂಲೂ ಇಲ್ಲ ತಾನೆ?”

“ಅದು… ಇಲ್ಲ.”

ಮಿಸ್ ವರ್ಲೀನ್ ಎದ್ದು ನಿಂತರು. “ತರಗತಿ ಇಟ್ಕೋ. ಸಹಿ ಇರುತ್ತೆ. ನಾಚಿಕೆ ಆಗಲ್ವೇನೋ ನಿಂಗೆ? ಮೂರು ಹೆಣ್ಣುಮಕ್ಕಳು ಬಗ್ಗಿದ್ರೆ ನಿನ್ನ ದೇವರು ಬಿದ್ದೋಗ್ತಾನಾ? ಅಷ್ಟು ಸಡಿಲಾಗಿ ನಿಲ್ಲಿಸಿದೀಯಾ ಆತನನ್ನ? ಚಪ್ಪಾಳೆ ತಟ್ಟಿ ನಮ್ಮ ಮಕ್ಕಳ ಬಾಗಿಲು ಮುಚ್ದೋನು ನೀನು! ಬಂದು ನನ್ನ ಹತ್ರ—”

“ಮಿಸ್,” ಚಾಪೆಯಿಂದ ಎದ್ದು ಬಂದ ಇಫ್ರಾ ಮೆಲ್ಲಗೆ ಅಂದಳು, “ನಂದು ಮುಗೀತು. ಅವರಿಬ್ಬರದು ಇನ್ನೂ ಮುಗಿದಿಲ್ಲ. ಸ್ವಲ್ಪ ಮೆತ್ತಗೆ…”

“ಅಯ್ಯೋ, ತಪ್ಪಾಯ್ತು ಕಣಮ್ಮ,” ಎಂದ ಮಿಸ್ ವರ್ಲೀನ್, ಪಾದ್ರಿಯ ತೋಳು ಹಿಡಿದು ಆಚೆ ಕಸದ ತೊಟ್ಟಿಗಳ ಹಿಂದಕ್ಕೆ ಎಳೆದುಕೊಂಡು ಹೋಗಿ, ಮೊದಲಿನಿಂದ ಶುರು ಮಾಡಿದರು.